ಹೊಲ-ಗದ್ದೆ ಕೆಲಸ ಮತ್ತು ಸೊಂಟ ನೋವು: ಬರದಂತೆ ತಡೆಯುವುದು ಹೇಗೆ, ಬಂದರೆ ಏನು ಮಾಡಬೇಕು

"ಯಾವ ಎಣ್ಣೆ ಹಚ್ಚಬೇಕು?" "ಯಾವ ಬೆಲ್ಟ್ ಒಳ್ಳೆಯದು?" "ಎಂಆರ್‌ಐ ಮಾಡಿಸಲೇಬೇಕಾ?" ನಾಟಿ ಶುರುವಾದಾಗ ಒಮ್ಮೆ, ಕೊಯ್ಲು ಬಂದಾಗ ಇನ್ನೊಮ್ಮೆ ಓದುಗರಿಂದ ಇವೇ ಪ್ರಶ್ನೆಗಳು ಬರುತ್ತವೆ. ಮೂರಕ್ಕೂ ಕೆಳಗೆ ಉತ್ತರ ಇದೆ. ಆದರೆ ಕೇಳಿದವರಿಗೆಲ್ಲ ನಾನು ಮೊದಲು ಹಾಕುವ ಮರುಪ್ರಶ್ನೆ ಒಂದೇ. ದಿನಕ್ಕೆ ಎಷ್ಟು ಹೊತ್ತು ಒಂದೇ ಸಮ ಬಗ್ಗಿಕೊಂಡು ಇರುತ್ತೀರಿ? ಭಾರವನ್ನು ನೆಲದಿಂದ ಎತ್ತುತ್ತೀರಾ, ಎತ್ತರದಿಂದ ಎತ್ತುತ್ತೀರಾ? ಹೊಲದವರ ಸೊಂಟ ನೋವು ಬಹುಪಾಲು ಇಲ್ಲಿ ಹುಟ್ಟುತ್ತದೆ. ಎಣ್ಣೆ, ಬೆಲ್ಟು, ಮಾತ್ರೆ ಎಲ್ಲ ಆಮೇಲಿನ ಮಾತು.

ಬೆನ್ನಿನೊಳಗೆ ಏನಾಗುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭ. ಸೊಂಟದ ಭಾಗದಲ್ಲಿ ಬೆನ್ನುಮೂಳೆಯ ಐದು ಮಣಿಗಳಿವೆ. ಮಣಿ ಮಣಿಯ ನಡುವೆ ಡಿಸ್ಕ್ ಇರುತ್ತದೆ. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಲೋಳೆಯಂಥ ತಿರುಳು. ಮುಂದಕ್ಕೆ ಬಗ್ಗಿದಾಗ ಮುಂಭಾಗ ಒತ್ತಿ, ತಿರುಳು ಹಿಂದಕ್ಕೆ ತಳ್ಳಲ್ಪಡುತ್ತದೆ. ಬಗ್ಗುವುದೇನೂ ತಪ್ಪಲ್ಲ, ಬೆನ್ನು ಇರುವುದೇ ಬಗ್ಗುವುದಕ್ಕೆ. ಬಗ್ಗಿಕೊಂಡೇ ಉಳಿದರೆ ತೊಂದರೆ. ಮಣಿಗಳನ್ನು ಕಟ್ಟಿ ಹಿಡಿಯುವ ನಾರುಗಳು ಆಗ ನಿಧಾನವಾಗಿ ಎಳೆದು ಸಡಿಲ ಆಗುತ್ತವೆ. ಮತ್ತೆ ಬಿಗಿಯಾಗಲು ಅವಕ್ಕೆ ಹೊತ್ತು ಬೇಕು. ಒಂದು ಗಂಟೆ ಕಳೆ ಕಿತ್ತು ಎದ್ದವರು ಆ ಕ್ಷಣವೇ ತುಂಬಿದ ಮಂಕರಿ ಎತ್ತಲು ಹೋದಾಗ ಸೊಂಟ 'ಚಳಕ್' ಅನ್ನುವುದು ಇದಕ್ಕೇ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಉದ್ದ ಹಿಡಿಯ ಒಂದೆರಡು ಸಲಕರಣೆ, ಒಂದು ಗಿಡ್ಡ ಸ್ಟೂಲು, ಮೊಣಕಾಲಿಗೆ ಹಾಕಿಕೊಳ್ಳಲು ಮಡಚಿದ ಗೋಣಿಚೀಲ, ಚೀಲ ಸಾಗಿಸಲು ಒಂದು ತಳ್ಳುಗಾಡಿ. ಅದಕ್ಕಿಂತ ಜಾಸ್ತಿ ಬೇಕಾಗುವುದು ಕೆಲಸದ ಕ್ರಮ ಬದಲಿಸುವ ಮನಸ್ಸು.

1. ಈಗಾಗಲೇ ನೋವಿದ್ದರೆ ಮೊದಲು ಇದನ್ನು ನೋಡಿ

ಸೊಂಟ ನೋವುಗಳಲ್ಲಿ ಹೆಚ್ಚಿನವು ಸ್ನಾಯು, ನಾರು, ಡಿಸ್ಕ್‌ಗೆ ಸಂಬಂಧಪಟ್ಟವು. ಅವು ನಾಲ್ಕರಿಂದ ಆರು ವಾರದಲ್ಲಿ ತಾವಾಗಿಯೇ ಇಳಿಯುತ್ತವೆ. ಆದರೆ ಕೆಲವು ನೋವು ಬೇರೆ ಜಾತಿಯವು. ಕೆಳಗಿನ ಯಾವುದೇ ಲಕ್ಷಣ ಇದ್ದರೆ ಮನೆಮದ್ದು, ಉಜ್ಜುವುದು, ಕಾಯುವುದು ಯಾವುದೂ ಬೇಡ.

ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕಾದದ್ದು: ಮೂತ್ರ ಕಟ್ಟಿಕೊಳ್ಳುವುದು ಅಥವಾ ಗೊತ್ತಾಗದೆ ಹೋಗುವುದು, ಮಲ ಹಿಡಿತ ತಪ್ಪುವುದು, ತೊಡೆ ಸಂದಿಯಲ್ಲಿ ಮತ್ತು ಕೂರುವ ಜಾಗದಲ್ಲಿ ಮರಗಟ್ಟುವುದು, ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಕುಗ್ಗುವುದು. ಬೆನ್ನುಮೂಳೆಯ ಕೆಳತುದಿಯ ನರಗಳ ಗೊಂಚಲು ಒತ್ತಿಹೋದಾಗ ಹೀಗಾಗುತ್ತದೆ. ಇಲ್ಲಿ ಗಂಟೆಗಳ ಲೆಕ್ಕ. ತಡವಾದರೆ ಹೋದ ಶಕ್ತಿ ವಾಪಸ್ ಬರದೇ ಇರಬಹುದು.

ಅಡಕೆ, ತೆಂಗು, ಮಾವಿನ ಮರದಿಂದ ಬಿದ್ದವರನ್ನು ಎತ್ತಿ ಕೂರಿಸಬೇಡಿ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ಮೂಳೆ ಮುರಿದಿದ್ದರೆ ಆ ಕುಲುಕಾಟದಲ್ಲೇ ನರಕ್ಕೆ ಏಟಾಗುತ್ತದೆ. ಮಲಗಿದ ಹಾಗೇ ಇರಲಿ, 108ಕ್ಕೆ ಫೋನ್ ಮಾಡಿ. ಜಾಗ ಬದಲಿಸಲೇಬೇಕಾದರೆ ನಾಲ್ಕು ಜನ ಸೇರಿ ತಲೆ, ಬೆನ್ನು, ಕಾಲು ಒಂದೇ ಸಾಲಿನಲ್ಲಿ ಇರುವಂತೆ ಹಲಗೆಯ ಮೇಲೆ ಹೊರಳಿಸಿಕೊಳ್ಳಿ.

ಜ್ವರ ಜೊತೆಗಿದ್ದರೆ ಅದನ್ನು ಕೆಲಸದ ನೋವು ಅಂದುಕೊಳ್ಳಬೇಡಿ. ಕೆಸರುಗದ್ದೆಯಲ್ಲಿ ಇಳಿದವರಿಗೆ ಇಲಿ ಜ್ವರ ಬಂದರೆ ಮೀನಖಂಡ ಮತ್ತು ಸೊಂಟ ಜೋರಾಗಿ ನೋಯುತ್ತವೆ. ದನ, ಕುರಿ, ಮೇಕೆ ಸಾಕುವವರಿಗೆ ಬ್ರುಸೆಲ್ಲೋಸಿಸ್ ಅನ್ನುವ ರೋಗ ಬರಬಹುದು. ಕಂದು ಹಾಕಿದ ದನದ ಮಾಸುಚೀಲವನ್ನು ಬರಿಗೈಯಲ್ಲಿ ಮುಟ್ಟಿದರೆ ಅಥವಾ ಕಾಯಿಸದ ಹಾಲು ಕುಡಿದರೆ ಅದು ಅಂಟುತ್ತದೆ. ಬಂದು ಹೋಗುವ ಜ್ವರ, ಬೆವರು, ವಾರಗಟ್ಟಲೆ ಸೊಂಟ ನೋವು ಅದರ ಗುರುತು. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಕ್ಷಯದ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ವೈದ್ಯರ ಹತ್ತಿರ ಹೋದಾಗ "ಗದ್ದೆ ಕೆಲಸ ಮಾಡ್ತೀನಿ, ಮನೆಯಲ್ಲಿ ದನ ಇದೆ" ಅಂತ ನೀವೇ ಹೇಳಿ. ಅವರು ಕೇಳದೇ ಹೋಗಬಹುದು.

ಪಕ್ಕೆಯಿಂದ ಶುರುವಾಗಿ ತೊಡೆ ಸಂದಿಗೆ ಇಳಿಯುವ, ಯಾವ ಮಗ್ಗುಲಿಗೆ ಹೊರಳಿದರೂ ಸಮಾಧಾನ ಇಲ್ಲದ ನೋವು ಬಂದರೆ, ಮೂತ್ರ ಕೆಂಪಗಿದ್ದರೆ, ಮೂತ್ರಪಿಂಡದ ಕಲ್ಲಿರಬಹುದು. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯುವವರಲ್ಲಿ ಇದು ಜಾಸ್ತಿ.

2. ನಿಮ್ಮ ನೋವು ಯಾವ ಕೆಲಸದ್ದು ಅಂತ ಗುರುತಿಸಿ

ನಾಲ್ಕೈದು ದಿನ ಗಮನಿಸಿದರೆ ಸಾಕು. ನೋವು ಯಾವಾಗ ಏಳುತ್ತದೆ, ಏನು ಮಾಡುವಾಗ, ಎಷ್ಟು ಹೊತ್ತಿನ ನಂತರ? ಬಗ್ಗಿದಾಗ ಜಾಸ್ತಿಯಾಗಿ ನಡೆದಾಡಿದರೆ ಕಡಿಮೆಯಾಗುತ್ತಾ? ಹಾಗಿದ್ದರೆ ಕಳೆ, ನಾಟಿ, ಕೊಯ್ಲಿನ ಕಡೆ ನೋಡಿ. ಟ್ರ್ಯಾಕ್ಟರ್ ಇಳಿದ ಮೇಲೆ ಜಾಸ್ತಿಯಾ? ಔಷಧಿ ಹೊಡೆದ ದಿನ ರಾತ್ರಿಯಾ? ಮೊಣಕಾಲು ದಾಟಿ ಪಾದದವರೆಗೆ ಕರೆಂಟು ಹೊಡೆದ ಹಾಗೆ ಇಳಿಯುತ್ತಾ? ಇದು ನರಕ್ಕೆ ಒತ್ತಡ ಬಿದ್ದಾಗ ಬರುವ ಸಯಾಟಿಕಾ. ಇದೂ ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ, ಬರೀ ಸೊಂಟ ನೋವಿಗಿಂತ ನಿಧಾನವಾಗಿ.

ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗಬೇಡಿ. ಅತಿ ಹೆಚ್ಚು ನೋವು ಕೊಡುವ ಒಂದು ಕೆಲಸ ಹಿಡಿದು ಅದನ್ನು ಮೊದಲು ಸರಿಮಾಡಿ.

3. ಬೆಳಗಿನ ಮೊದಲ ಒಂದು ಗಂಟೆ

ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿಕೊಂಡು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿರುತ್ತದೆ. ಎದ್ದು ಓಡಾಡಿದ ಮೇಲೆ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಎದ್ದ ತಕ್ಷಣ ಪೂರ್ತಿ ಬಗ್ಗಿ ಮಾಡುವ ಕೆಲಸ ಡಿಸ್ಕ್‌ಗೆ ಹೆಚ್ಚು ಭಾರ. ನಮ್ಮ ಹಳ್ಳಿಮನೆಗಳಲ್ಲಿ ಎದ್ದ ಕೂಡಲೇ ಮಾಡುವುದೇನು? ಗಿಡ್ಡ ಪೊರಕೆಯಲ್ಲಿ ಅಂಗಳ ಗುಡಿಸುವುದು, ಕೊಟ್ಟಿಗೆಯಲ್ಲಿ ಬಗ್ಗಿ ಸಗಣಿ ಬಾಚುವುದು, ಗಂಜಲ ಬಳಿಯುವುದು, ನೀರಿನ ಕೊಡ ಎತ್ತುವುದು. ಇದೆಲ್ಲ ಹೆಚ್ಚಾಗಿ ಹೆಂಗಸರ ಪಾಲಿಗೆ. ಹೊಲಕ್ಕೆ ಹೋಗುವ ಮೊದಲೇ ಅವರ ಸೊಂಟಕ್ಕೆ ಒಂದು ಸುತ್ತು ಕೆಲಸ ಮುಗಿದಿರುತ್ತದೆ.

ಕ್ರಮ ಬದಲಿಸಿ. ಮೊದಲು ಒಲೆ ಹಚ್ಚುವುದು, ದನಕ್ಕೆ ಮೇವು ಹಾಕುವುದು, ದನ ಹೊರಗೆ ಕಟ್ಟುವುದು ಇಂಥ ನಿಂತು, ನಡೆದು ಮಾಡುವ ಕೆಲಸ ಆಗಲಿ. ಅರ್ಧ-ಮುಕ್ಕಾಲು ಗಂಟೆ ಕಳೆದ ಮೇಲೆ ಸಗಣಿ. ಪೊರಕೆಗೆ ಉದ್ದ ಕೋಲು ಕಟ್ಟಿಸಿ. ಸಗಣಿ ಎಳೆಯಲು ಉದ್ದ ಹಿಡಿಯ ಹಲಗೆ ಮಾಡಿಸಿ, ಊರಿನ ಬಡಗಿಗೆ ಒಂದು ಹೊತ್ತಿನ ಕೆಲಸ. ಹಾಲು ಕರೆಯುವಾಗ ತುದಿಗಾಲಿನಲ್ಲಿ ಕೂರುವ ಬದಲು ಗಿಡ್ಡ ಸ್ಟೂಲು ಹಾಕಿಕೊಳ್ಳಿ, ಹಸುವಿನ ಹತ್ತಿರಕ್ಕೆ ಸರಿಯಿರಿ. ದೂರ ಕೂತು ಕೈ ಚಾಚಿದಷ್ಟೂ ಭಾರ ಸೊಂಟದ ಮೇಲೇ ಬೀಳುತ್ತದೆ.

4. ನಾಟಿ, ಕಳೆ, ಕೊಯ್ಲು: ಬಗ್ಗಿರುವ ಹೊತ್ತನ್ನು ಮುರಿಯಿರಿ

ಈ ಹಂತಕ್ಕೆ ಜಾಸ್ತಿ ಗಮನ ಕೊಡಿ. ಹೊಲದ ಸೊಂಟ ನೋವಿನ ದೊಡ್ಡ ಪಾಲು ಇಲ್ಲೇ ಇದೆ.

ಮೊದಲು ಬಗ್ಗುವ ರೀತಿ. ಕಾಲುಗಳ ನಡುವೆ ಒಂದೂವರೆ ಅಡಿ ಅಂತರ ಬಿಡಿ. ಮೊಣಕಾಲು ಸ್ವಲ್ಪ ಸಡಿಲ ಇರಲಿ. ಈಗ ಬೆನ್ನು ಬಾಗಿಸುವ ಬದಲು ಪೃಷ್ಠವನ್ನು ಹಿಂದಕ್ಕೆ ತಳ್ಳಿ, ತೊಡೆ ಸೇರುವ ಕೀಲಿನಲ್ಲಿ ಮಡಚಿ. ಬೆನ್ನು ಆದಷ್ಟು ನೇರ ಉಳಿಯುತ್ತದೆ, ತೊಡೆಯ ಹಿಂಭಾಗ ಎಳೆದ ಹಾಗೆ ಅನಿಸುತ್ತದೆ. ಹಾಗೆ ಅನಿಸಿದರೆ ಸರಿಯಾಗಿ ಬಗ್ಗಿದ್ದೀರಿ. ಮನೆಯಲ್ಲಿ ಗೋಡೆಗೆ ಬೆನ್ನು ಮಾಡಿ ಒಂದು ಅಡಿ ದೂರ ನಿಂತು, ಪೃಷ್ಠ ಗೋಡೆಗೆ ತಾಗುವಂತೆ ಬಗ್ಗಿ ಅಭ್ಯಾಸ ಮಾಡಿ. ಕಳೆ ಕೀಳುವಾಗ ಒಂದು ಕೈ ಕೆಲಸ ಮಾಡುತ್ತಿದ್ದರೆ ಇನ್ನೊಂದು ಕೈಯನ್ನು ಅದೇ ಕಡೆಯ ತೊಡೆಯ ಮೇಲೆ ಊರಿ. ಮೇಲಿನ ಮೈಯ ಭಾರದಲ್ಲಿ ಒಂದು ಪಾಲು ಆ ಕೈ ಹೊರುತ್ತದೆ.

ಎರಡನೆಯದು ವಿರಾಮ. 20 ನಿಮಿಷಕ್ಕೊಮ್ಮೆ ಎದ್ದು ನಿಲ್ಲಿ. ಎರಡೂ ಅಂಗೈಗಳನ್ನು ಸೊಂಟದ ಹಿಂದೆ ಇಟ್ಟು ನಿಧಾನವಾಗಿ ಹಿಂದಕ್ಕೆ ಬಾಗಿ, ಐದು ಸಲ. ಅರ್ಧ ನಿಮಿಷವೂ ಆಗದು. ಗಡಿಯಾರ ನೋಡುವುದು ಕಷ್ಟ ಅನಿಸಿದರೆ ಸಾಲಿನ ಲೆಕ್ಕ ಇಟ್ಟುಕೊಳ್ಳಿ. ಬದುವಿಗೆ ಬಂದಾಗಲೆಲ್ಲ ಒಮ್ಮೆ ಹಿಂದಕ್ಕೆ ಬಾಗುವುದು.

ಆಳು ಇಟ್ಟು ಕೆಲಸ ಮಾಡಿಸುವವರಿಗೆ ಇಲ್ಲಿ ಒಂದು ಮಾತು. ಕೂಲಿಗೆ ಬಂದ ಹೆಂಗಸು ಒಬ್ಬಳೇ ಎದ್ದು ನಿಂತರೆ "ಏನ್ ನಿಂತ್ಕೊಂಡೆ?" ಅನ್ನುವ ಕೂಗು ಬರುತ್ತದೆ. ಅದಕ್ಕೆ ಹೆದರಿ ಯಾರೂ ಏಳುವುದಿಲ್ಲ. ಇಡೀ ಸಾಲಿನವರು ಒಟ್ಟಿಗೆ ಏಳುವ ಪದ್ಧತಿ ಮಾಡಿ. ಮೇಸ್ತ್ರಿಯೇ ಕೂಗಿ ಎಬ್ಬಿಸಲಿ, ಆಗಲೇ ನೀರೂ ಕೊಡಿ. ಸಂಜೆಗೆ ಕೆಲಸ ಹಿಂದೆ ಬೀಳುವುದಿಲ್ಲ, ಯಾಕಂದರೆ ಮಧ್ಯಾಹ್ನದ ಮೇಲೆ ಸೊಂಟ ಹಿಡಿದು ಕೈ ನಿಧಾನ ಆಗುವುದು ತಪ್ಪುತ್ತದೆ. ನಾಳೆಯೂ ಅವರೇ ಕೆಲಸಕ್ಕೆ ಬರಬೇಕಲ್ವಾ?

ಮೂರನೆಯದು ಸಲಕರಣೆ. ಗಿಡ್ಡ ಕುರ್ಪಿ ಸಾಲಿನ ಒಳಗೆ ಗಿಡದ ಬುಡಕ್ಕೆ ಇರಲಿ. ಸಾಲುಗಳ ನಡುವಿನ ಕಳೆಗೆ ನಿಂತು ತಳ್ಳುವ ಸೈಕಲ್ ವೀಡರ್ ಬಳಸಿ. ಶೇಂಗಾ, ಸೋಯಾ, ಹತ್ತಿ, ಮೆಣಸಿನಕಾಯಿ, ತರಕಾರಿ ಎಲ್ಲಕ್ಕೂ ನಡೆಯುತ್ತದೆ. ಭತ್ತಕ್ಕೆ ಕೋನೋ ವೀಡರ್ ಇದೆ. ಎರಡು ಶಂಕುವಿನಂಥ ಉರುಳೆ ಕಳೆಯನ್ನು ಕೆಸರಿಗೇ ತುಳಿಯುತ್ತವೆ. ಇಲ್ಲಿ ಎಡವುವುದು ಎಲ್ಲಿ ಅಂದರೆ, ವೀಡರ್ ಆಮೇಲೆ ತರೋಣ ಅಂತ ಚದುರು ನಾಟಿ ಮಾಡಿಬಿಡುವುದು. ಸಾಲು ಇಲ್ಲದಿದ್ದರೆ ಆ ಯಂತ್ರ ಸುಮ್ನೆ ಮೂಲೆಗೆ ಬೀಳುತ್ತದೆ. ದಾರ ಹಿಡಿದು 25 ಸೆಂಟಿಮೀಟರ್ ಅಂತರದಲ್ಲಿ ಸಾಲು ನಾಟಿ ಮಾಡಿ, ಗದ್ದೆಯಲ್ಲಿ ತೆಳುವಾಗಿ ನೀರು ನಿಲ್ಲಿಸಿ, 10-12 ದಿನಕ್ಕೆ ಮೊದಲ ಸಲ ಹೊಡೆಯಿರಿ. ಕಳೆ ಬಲಿತ ಮೇಲೆ ತಳ್ಳಿದರೆ ಸೊಂಟದ ನೋವು ಭುಜಕ್ಕೆ ವರ್ಗ ಆಗುತ್ತದೆ ಅಷ್ಟೆ.

ಎಳೆದು, ಕೆರೆದು ಮಾಡುವ ಸಲಕರಣೆಗಳ ಹಿಡಿ ನೆಲದಲ್ಲಿ ನಿಲ್ಲಿಸಿದರೆ ನಿಮ್ಮ ಎದೆಯ ಮಟ್ಟಕ್ಕೆ ಬರಬೇಕು. ಅಂಗಡಿಯಲ್ಲಿ ಸಿಗುವ ಹಿಡಿ ಎಲ್ಲರಿಗೂ ಒಂದೇ ಅಳತೆ. ಗಂಡಸಿಗೆ ಮಾಡಿದ್ದು ಹೆಂಗಸಿಗೆ ಸರಿಹೋಗದು. ಕುಡುಗೋಲು, ಕುರ್ಪಿ ಹರಿತ ಇರಲಿ. ಮೊಂಡಾದರೆ ಪ್ರತಿ ಹಿಡಿಗೂ ಜಗ್ಗಬೇಕು, ಆ ಜಗ್ಗು ಸೊಂಟಕ್ಕೇ ಹೋಗುತ್ತದೆ.

ಯಂತ್ರ ಕೊಳ್ಳುವಷ್ಟು ಹಣ ಇಲ್ಲದವರು ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಕೇಳಿ. ರಾಜ್ಯದಲ್ಲಿ 2014-15ರಿಂದ ಈ ಯೋಜನೆ ಇದೆ. ಕೈ ವೀಡರ್‌ಗಳ ಸಹಾಯಧನದ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಒಣಭೂಮಿಯಲ್ಲಿ ಬುಡದ ಕಳೆ ತೆಗೆಯುವಾಗ ಒಂದು ಮೊಣಕಾಲು ಊರಿ ಕೂರುವುದೂ ಆಗುತ್ತದೆ. ಕೆಳಗೆ ಗೋಣಿಚೀಲ ಮಡಚಿ ಹಾಕಿಕೊಳ್ಳಿ, ಆಗಾಗ ಕಾಲು ಬದಲಿಸಿ. ಮೊಣಕಾಲು ನೋವಿರುವವರಿಗೆ ಇದು ಬೇಡ.

5. ಎತ್ತುವುದು ಮತ್ತು ಹೊರುವುದು

ಅಂಕಿಗಳನ್ನು ಮೊದಲು ನೋಡಿ. ಯೂರಿಯಾ ಚೀಲ 2018ರಿಂದ 45 ಕೆಜಿ. ಡಿಎಪಿ, ಸಿಮೆಂಟು 50 ಕೆಜಿ. ಭತ್ತದ ಚೀಲ ಕೆಲವು ಕಡೆ 75 ಕೆಜಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ವಯಸ್ಕ ಗಂಡಸು ಒಬ್ಬನೇ ಹೊರುವ ಭಾರ 55 ಕೆಜಿ ಮೀರಬಾರದು, ಹೆಂಗಸರಿಗೆ ಇನ್ನೂ ಸಾಕಷ್ಟು ಕಡಿಮೆ ಇರಬೇಕು ಅಂತ ಶಿಫಾರಸು ಮಾಡಿತು. ಅಮೆರಿಕದ ನಿಯೋಷ್ ಅನ್ನುವ ಕೆಲಸಗಾರರ ಆರೋಗ್ಯ ಸಂಸ್ಥೆಯ ಲೆಕ್ಕ ಇನ್ನೂ ಬಿಗಿ. ಭಾರ ಮೈಗೆ ಹತ್ತಿರ, ಸೊಂಟದ ಮಟ್ಟದ ಸುಮಾರಿಗೆ, ತಿರುಚದೆ, ಅಪರೂಪಕ್ಕೆ ಎತ್ತುವುದಾದರೂ 23 ಕೆಜಿ. ನೆಲದಿಂದ, ಕೈ ಚಾಚಿ, ಪದೇ ಪದೇ ಎತ್ತುವುದಾದರೆ ಅದು ಇನ್ನೂ ಕೆಳಗಿಳಿಯುತ್ತದೆ. ಕೋಲಾರದ ಕಡೆ ಬಳಸುವ 15 ಕೆಜಿಯ ಟೊಮೆಟೊ ಕ್ರೇಟು ಈ ಲೆಕ್ಕದಲ್ಲಿ ಒಳ್ಳೆಯ ಅಳತೆ. ನಿಮ್ಮ ಹೊಲದೊಳಗೆ ನೀವು ತುಂಬುವ ಚೀಲದ ತೂಕವನ್ನು ನೀವೇ ತೀರ್ಮಾನಿಸಬಹುದು. ಅರ್ಧ ತುಂಬಿ, ಎರಡು ಸಲ ಹೋಗಿ.

ಎತ್ತುವ ಕ್ರಮ ಹೀಗೆ:

ಅ) ಚೀಲದ ಹತ್ತಿರ ಹೋಗಿ, ಒಂದು ಪಾದ ಪಕ್ಕದಲ್ಲಿ, ಇನ್ನೊಂದು ಸ್ವಲ್ಪ ಹಿಂದೆ. ಕೈ ಚಾಚಿ ಹಿಡಿದ 10 ಕೆಜಿ ಮೈಗೆ ತಾಗಿಸಿ ಹಿಡಿದ 10 ಕೆಜಿಗಿಂತ ಸೊಂಟಕ್ಕೆ ಹಲವು ಪಟ್ಟು ಭಾರ.

ಆ) ಮೊಣಕಾಲು ಮಡಚಿ ಕೆಳಗಿಳಿಯಿರಿ. ಮೊದಲು ಚೀಲವನ್ನು ಒಂದು ತೊಡೆಯ ಮೇಲಕ್ಕೆ ಎಳೆದುಕೊಳ್ಳಿ. ಅಲ್ಲಿಂದ ಎದೆಗೆ ಅಪ್ಪಿ ಎದ್ದೇಳಿ.

ಇ) ಏಳುವಾಗ ಉಸಿರು ಬಿಗಿ ಹಿಡಿಯಬೇಡಿ. ನಿಧಾನವಾಗಿ ಬಿಡಿ, ಹೊಟ್ಟೆಯ ಸ್ನಾಯು ಸ್ವಲ್ಪ ಬಿಗಿ ಇರಲಿ.

ಈ) ತಿರುಗಬೇಕಾದರೆ ಪಾದ ಎತ್ತಿ ತಿರುಗಿ. ಪಾದ ನೆಲದಲ್ಲೇ ಇಟ್ಟು ಸೊಂಟ ತಿರುಚಿ ಚೀಲ ಎಸೆಯುವುದು ಬೇಡ. ಟ್ರೇಲರ್ ತುಂಬುವವರು ಅವಸರಕ್ಕೆ ಮಾಡುವುದು ಇದೇ. ಡಿಸ್ಕ್‌ನ ನಾರು ಹರಿಯಲು ಬಗ್ಗು, ಭಾರ, ತಿರುಚು ಮೂರೂ ಒಟ್ಟಿಗೆ ಸೇರುವುದಕ್ಕಿಂತ ಕೆಟ್ಟದ್ದಿಲ್ಲ.

ಇದಕ್ಕಿಂತಲೂ ಉತ್ತಮ ಅಂದರೆ ನೆಲದಿಂದ ಎತ್ತುವುದನ್ನೇ ತಪ್ಪಿಸುವುದು. ಚೀಲಗಳನ್ನು ಸೊಂಟದೆತ್ತರದ ಕಟ್ಟೆ ಅಥವಾ ಕಲ್ಲುಚಪ್ಪಡಿಯ ಮೇಲೆ ಇಳಿಸಿ. ಅಲ್ಲಿಂದ ಬೆನ್ನು, ಭುಜಕ್ಕೆ ಏರಿಸುವುದು ಹಗುರ. ಹಳ್ಳಿ ದಾರಿಗಳಲ್ಲಿ ಹಿಂದೆ ಹೊರೆಗಲ್ಲು ನಿಲ್ಲಿಸಿದ್ದರ ಹಿಂದೆ ಇದೇ ತಿಳಿವಳಿಕೆ ಇದೆ. ತಲೆಹೊರೆ ಹೊರುವವರು ಸಿಂಬೆ ದಪ್ಪ ಇಟ್ಟುಕೊಳ್ಳಿ, ಹೊರೆ ಎತ್ತಿ ಇಳಿಸುವಾಗ ಇನ್ನೊಬ್ಬರ ಕೈ ಹಿಡಿಸಿ. ಒಂದೇ ಕೈಯಲ್ಲಿ ತುಂಬಿದ ಕೊಡಪಾನಕ್ಕಿಂತ ಎರಡು ಕೈಯಲ್ಲಿ ಅರ್ಧರ್ಧ ಕೊಡಪಾನ ಸೊಂಟಕ್ಕೆ ಒಳ್ಳೆಯದು.

ಬೆನ್ನಿಗೆ ಹಾಕುವ ಔಷಧಿ ಪಂಪಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 16 ಲೀಟರ್ ಟ್ಯಾಂಕ್ ಅಂದರೆ ನೀರೇ 16 ಕೆಜಿ. ಪಂಪಿನ ತೂಕ ಸೇರಿದರೆ 20 ಕೆಜಿ ದಾಟುತ್ತದೆ. 10-12 ಲೀಟರ್ ಮಾತ್ರ ತುಂಬಿ, ಅದಕ್ಕೆ ತಕ್ಕಂತೆ ಔಷಧಿಯ ಪ್ರಮಾಣವನ್ನೂ ಕಡಿಮೆ ಮಾಡಿ. ನೆಲದ ಮೇಲಿಟ್ಟು ತೋಳು ತೂರಿಸಿ ಏಳುವ ಬದಲು ಕಟ್ಟೆಯ ಮೇಲಿಟ್ಟು ತುಂಬಿ, ಅಲ್ಲಿಂದಲೇ ಬೆನ್ನಿಗೆ ಏರಿಸಿ. ಪಟ್ಟಿಗಳನ್ನು ಬಿಗಿ ಮಾಡಿ ಟ್ಯಾಂಕ್ ಬೆನ್ನಿಗೆ ಅಂಟಿಕೊಳ್ಳುವಂತೆ ಇರಲಿ. ಟ್ಯಾಂಕಿಗೂ ಬೆನ್ನಿಗೂ ನಡುವೆ ಜಾಗ ಇದ್ದರೆ ನೀರು ಕುಲುಕಿದಾಗಲೆಲ್ಲ ಸೊಂಟ ಜಗ್ಗುತ್ತದೆ. ಕೈಯಲ್ಲಿ ಒತ್ತುವ ಪಂಪಿಗಿಂತ ಬ್ಯಾಟರಿ ಪಂಪು ಭುಜಕ್ಕೆ ಹಗುರ, ಸೊಂಟದ ಭಾರವನ್ನು ಮಾತ್ರ ಅದು ಕಡಿಮೆ ಮಾಡದು.

6. ಟ್ರ್ಯಾಕ್ಟರ್, ಅಡಕೆ ಸುಲಿತ, ಕೂತು ಮಾಡುವ ಕೆಲಸ

ಟ್ರ್ಯಾಕ್ಟರ್ ಓಡಿಸುವವರ ಸೊಂಟಕ್ಕೆ ಎರಡು ಕಡೆಯಿಂದ ಏಟು. ಒಂದು, ಗಂಟೆಗಟ್ಟಲೆ ಕುಲುಕು. ಇನ್ನೊಂದು, ನೇಗಿಲು ನೋಡಲು ಪದೇ ಪದೇ ಹಿಂದಕ್ಕೆ ತಿರುಚಿಕೊಳ್ಳುವುದು. ಸೀಟಿನ ಸ್ಪ್ರಿಂಗು, ಸ್ಪಂಜು ಕೆಟ್ಟಿದ್ದರೆ ಬದಲಿಸಿ. ಸೀಟಿನ ಸ್ಪ್ರಿಂಗಿಗೆ ತೂಕ ಹೊಂದಿಸುವ ಗುಬ್ಬಿ ಇದ್ದರೆ ನಿಮ್ಮ ತೂಕಕ್ಕೆ ಹೊಂದಿಸಿ. ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ಇಳಿಯುವಾಗ ಹಾರಬೇಡಿ, ಟ್ರ್ಯಾಕ್ಟರ್ ಕಡೆ ಮುಖ ಮಾಡಿ ಮೆಟ್ಟಿಲ ಮೇಲೆ ಕಾಲಿಟ್ಟು ಇಳಿಯಿರಿ. ಇಳಿದ ಕೂಡಲೇ ಚೀಲ ಎತ್ತಬೇಡಿ.

ಮೆಟ್ಟುಗತ್ತಿಯಲ್ಲಿ ಅಡಕೆ ಸುಲಿಯುವವರು, ಹೂ ಕಟ್ಟುವವರು, ಶೇಂಗಾ ಬಿಡಿಸುವವರು ಬೆನ್ನಿಗೆ ಗೋಡೆಯ ಆಸರೆ ಇರುವ ಕಡೆ ಕೂರಲಿ. ಸೊಂಟದ ಹಿಂದೆ ಟವೆಲ್ ಸುರುಳಿ ಇಡಲಿ, ಅರ್ಧ ಗಂಟೆಗೊಮ್ಮೆ ಏಳಲಿ.

7. ಸೊಂಟ ಹಿಡಿದ ಮೊದಲ ಮೂರು ದಿನ

ಮೊದಲ ಹಂತದ ಅಪಾಯದ ಲಕ್ಷಣ ಯಾವುದೂ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಗಾಬರಿ ಬೇಡ.

ಮಲಗಿಕೊಂಡೇ ಇರಬೇಡಿ. "ಹದಿನೈದು ದಿನ ಹಾಸಿಗೆ ಬಿಟ್ಟು ಏಳಬಾರದು" ಅನ್ನುವುದು ಹಳೆಯ ಸಲಹೆ. ಎರಡು ದಿನಕ್ಕಿಂತ ಜಾಸ್ತಿ ಮಲಗಿದರೆ ಸ್ನಾಯು ಸೊರಗಿ, ನೋವು ಬಿಡುವುದು ಇನ್ನೂ ತಡ ಆಗುತ್ತದೆ. ತೀರಾ ನೋವಿದ್ದಾಗ ಸ್ವಲ್ಪ ಹೊತ್ತು ಅಂಗಾತ ಮಲಗಿ ಮೊಣಕಾಲ ಕೆಳಗೆ ಎರಡು ದಿಂಬು ಇಡಿ, ಅಥವಾ ಮಗ್ಗುಲಾಗಿ ಮಲಗಿ ಮೊಣಕಾಲುಗಳ ನಡುವೆ ದಿಂಬು ಇಡಿ. ನಡುನಡುವೆ ಎದ್ದು ಮನೆಯೊಳಗೇ ಐದೈದು ನಿಮಿಷ ನಡೆಯಿರಿ. ಎದ್ದೇಳುವಾಗ ನೆಟ್ಟಗೆ ಏಳದೆ, ಮಗ್ಗುಲಿಗೆ ಹೊರಳಿ ಕೈ ಊರಿ ಏಳಿ. ಬರಿ ನೆಲ, ಬರಿ ಹಲಗೆಯ ಮೇಲೆ ಮಲಗಬೇಕು ಅನ್ನುವುದೂ ಸರಿಯಲ್ಲ. ತೀರಾ ಮೆತ್ತಗೂ ಅಲ್ಲದ, ತೀರಾ ಗಟ್ಟಿಯೂ ಅಲ್ಲದ ಹತ್ತಿ ಹಾಸಿಗೆ ಒಳ್ಳೆಯದು.

ಬಿಸಿ ಶಾಖ ಕೊಡಿ. ಬಿಸಿನೀರಿನ ಚೀಲ ಅಥವಾ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ, 15-20 ನಿಮಿಷ. ಎಣ್ಣೆ ಯಾವುದಾದರೂ ಆಗಬಹುದು. ಅದರಿಂದ ಸಿಗುವುದು ಬಿಸುಪು ಮತ್ತು ಮೃದುವಾದ ಉಜ್ಜು. ಎಣ್ಣೆ ಡಿಸ್ಕಿನವರೆಗೆ ಇಳಿಯುವುದಿಲ್ಲ.

ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಳ್ಳುವುದು, ಮಕ್ಕಳನ್ನು ಬೆನ್ನ ಮೇಲೆ ನಡೆಸುವುದು, ಸೊಂಟ ಹಿಡಿದು ಜೋರಾಗಿ ತಿರುಚಿ ಲಟಕ್ ಅನ್ನಿಸುವುದು ಬೇಡ. ನೋವು ಹೇಗೂ ಕೆಲವು ದಿನಕ್ಕೆ ಇಳಿಯುವಂಥದ್ದಾದ್ದರಿಂದ ಇವುಗಳಿಗೆ ಹೆಸರು ಬಂದಿದೆ. ಮೂಳೆ ಸವೆದ ವಯಸ್ಸಾದವರಿಗೆ, ನರ ಒತ್ತಿದವರಿಗೆ ಇದರಿಂದ ದೊಡ್ಡ ಅನಾಹುತ ಆಗಬಹುದು.

ಮಾತ್ರೆಯ ವಿಷಯದಲ್ಲಿ ತುಂಬ ಎಚ್ಚರ ಬೇಕು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯವು ಕೆಲವು ದಿನದ ಮಟ್ಟಿಗೆ, ಊಟದ ನಂತರ, ವೈದ್ಯರು ಹೇಳಿದರೆ ಸರಿ. ಮೂತ್ರಪಿಂಡದ ತೊಂದರೆ, ಹೊಟ್ಟೆ ಹುಣ್ಣು, ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು ಕೇಳದೆ ನುಂಗಬಾರದು. ಬಿಸಿಲಲ್ಲಿ ಬೆವರಿ ಮೈಯ ನೀರು ಕಡಿಮೆಯಾದಾಗ ಇವು ಮೂತ್ರಪಿಂಡಕ್ಕೆ ನೇರ ಏಟು ಕೊಡುತ್ತವೆ. ಬೆಳಗ್ಗೆ ಮಾತ್ರೆ ನುಂಗಿ, ನೋವು ಗೊತ್ತಾಗದ ಧೈರ್ಯದಲ್ಲಿ ದಿನವಿಡೀ ಚೀಲ ಹೊರುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಸಂಜೆ ಮೈಕೈ ನೋವಿಗೆ ಅಂತ ಕುಡಿಯುವವರು ಅದರ ಜೊತೆ ಈ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ರಕ್ತ ಸೋರಬಹುದು. ಹೆಸರಿಲ್ಲದ ಪೊಟ್ಟಣದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಸ್ಟೀರಾಯ್ಡ್ ಅಂದರೆ ನೋವು, ಊತವನ್ನು ಬೇಗ ಅಡಗಿಸುವ ಬಲವಾದ ಔಷಧಿ. ತಿಂಗಳುಗಟ್ಟಲೆ ತಿಂದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ. ಎರಡು ದಿನದಲ್ಲಿ ಪವಾಡದ ಹಾಗೆ ನೋವು ಮಾಯ ಆಯಿತು ಅಂದರೆ ಅನುಮಾನ ಪಡಿ.

ಬೆಲ್ಟ್ ಪ್ರಶ್ನೆಗೆ ಉತ್ತರ: ಭಾರ ಎತ್ತುವವರಿಗೆ ಬೆಲ್ಟ್ ಹಾಕಿದ್ದರಿಂದ ಸೊಂಟ ನೋವು ಬರುವುದು ತಪ್ಪಿತು ಅನ್ನಲು ಪುರಾವೆ ಇಲ್ಲ. ನೋವಿದ್ದಾಗ ಬಸ್ ಪ್ರಯಾಣಕ್ಕೆ, ಒಂದೆರಡು ದಿನಕ್ಕೆ ಹಾಕಿಕೊಳ್ಳಬಹುದು. ಬೆಲ್ಟ್ ಇದೆ ಅಂತ ಹೆಚ್ಚು ಭಾರ ಎತ್ತಬೇಡಿ.

8. ನೋವು ಸ್ವಲ್ಪ ಇಳಿದ ಮೇಲೆ ವ್ಯಾಯಾಮ

"ದಿನವಿಡೀ ಮೈ ಮುರಿದು ದುಡಿಯುತ್ತೇವೆ, ಇನ್ನು ವ್ಯಾಯಾಮ ಯಾಕೆ?" ಅಂತ ಕೇಳುತ್ತೀರಿ. ಹೊಲದ ಕೆಲಸ ಒಂದೇ ದಿಕ್ಕಿಗೆ ಬಗ್ಗಿಸುತ್ತದೆ. ಬಗ್ಗಿದ ಬೆನ್ನನ್ನು ಹಿಂದಕ್ಕೆ ತರುವ, ಹೊಟ್ಟೆ ಮತ್ತು ಪೃಷ್ಠದ ಸ್ನಾಯು ಗಟ್ಟಿ ಮಾಡುವ ಕೆಲಸ ಅದರಲ್ಲಿ ಕಡಿಮೆ. ದಿನಕ್ಕೆ ಹತ್ತು ನಿಮಿಷ, ಸಂಜೆ ಹೊತ್ತು ಸಾಕು.

ಮೊದಲನೆಯದು, ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತಿ, ಹೊಟ್ಟೆ ಚಾಪೆಯ ಮೇಲೇ ಇರಲಿ. ಹತ್ತು ಎಣಿಸಿ ಇಳಿಯಿರಿ. ಐದು ಸಲ. ಕಾಲಿಗೆ ಇಳಿಯುತ್ತಿದ್ದ ನೋವು ಮೇಲಕ್ಕೆ ಬಂದು ಸೊಂಟದಲ್ಲೇ ನಿಂತರೆ ಒಳ್ಳೆಯ ಸೂಚನೆ. ಕಾಲಿನ ನೋವು ಇನ್ನೂ ಕೆಳಗಿಳಿದರೆ ಇದನ್ನು ನಿಲ್ಲಿಸಿ, ಫಿಸಿಯೋಥೆರಪಿ ಗೊತ್ತಿರುವವರನ್ನು ಕೇಳಿ.

ಎರಡನೆಯದು, ಅಂಗಾತ ಮಲಗಿ ಮೊಣಕಾಲು ಮಡಚಿ, ಪಾದ ಊರಿ ಪೃಷ್ಠ ಎತ್ತುವುದು. ಐದು ಎಣಿಸಿ ಇಳಿಸಿ, ಹತ್ತು ಸಲ.

ಮೂರನೆಯದು, ಮಂಡಿ ಮತ್ತು ಅಂಗೈ ಊರಿ, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ನೇರವಾಗಿ ಚಾಚುವುದು. ಐದು ಎಣಿಸಿ ಇನ್ನೊಂದು ಜೋಡಿ. ಬೆನ್ನು ಅಲುಗಬಾರದು.

ಇವುಗಳ ಜೊತೆಗೆ ನಡಿಗೆ. ಸಯಾಟಿಕಾ ಇರುವವರು ನಿಂತು ಕಾಲಬೆರಳು ಮುಟ್ಟುವ ವ್ಯಾಯಾಮ ಮಾಡಬೇಡಿ. ಬೀಡಿ, ಸಿಗರೇಟು ಡಿಸ್ಕಿಗೆ ಹೋಗುವ ಪೋಷಣೆಯನ್ನು ಕಡಿಮೆ ಮಾಡುತ್ತವೆ. ಬಿಡಲು ಇದೂ ಒಂದು ಕಾರಣ.

9. ವೈದ್ಯರ ಹತ್ತಿರ ಯಾವಾಗ, ಎಂಆರ್‌ಐ ಯಾರಿಗೆ

ಆರು ವಾರ ಕಳೆದರೂ ನೋವು ಇಳಿಯದಿದ್ದರೆ, ಕಾಲಿನ ನೋವು ತಡೆಯಲಾರದಷ್ಟಿದ್ದರೆ, ಬೆರಳು ಎತ್ತಲು ಆಗದೆ ಪಾದ ಜೋತಾಡಿದರೆ ಹೋಗಿ. ಪಾದ ಜೋತಾಡುತ್ತಿದ್ದರೆ ಆರು ವಾರ ಕಾಯಲೇಬೇಡಿ.

ಅಪಾಯದ ಲಕ್ಷಣ ಇಲ್ಲದ ಹೊಸ ಸೊಂಟ ನೋವಿಗೆ ಎಂಆರ್‌ಐ ಬೇಕಿಲ್ಲ. ಇದರ ಹಿಂದೆ ಒಂದು ವಿಷಯ ಇದೆ. ನೋವೇ ಇಲ್ಲದವರ ಸ್ಕ್ಯಾನ್ ಮಾಡಿದಾಗ 20ರ ವಯಸ್ಸಿನವರಲ್ಲೇ ನೂರಕ್ಕೆ ಸುಮಾರು 30 ಮಂದಿಗೆ, 80ರವರಲ್ಲಿ 84 ಮಂದಿಗೆ ಡಿಸ್ಕ್ ಉಬ್ಬು ಕಂಡಿದೆ. ವರದಿಯಲ್ಲಿ 'ಡಿಸ್ಕ್ ಬಲ್ಜ್' ಅಂತ ಬರೆದಿದೆ ಅಂದ ಮಾತ್ರಕ್ಕೆ ನಿಮ್ಮ ನೋವಿಗೆ ಅದೇ ಕಾರಣ ಅಂತಲ್ಲ, ಆಪರೇಷನ್ ಬೇಕು ಅಂತಲೂ ಅಲ್ಲ. ಬೆಳೆಸಾಲದ ಹಣವನ್ನು ಮೊದಲ ವಾರದಲ್ಲೇ ಸ್ಕ್ಯಾನಿಗೆ ಸುರಿಯಬೇಡಿ. ಆಪರೇಷನ್ ಮಾತು ಬಂದರೆ, ಅದು ತುರ್ತು ಅಲ್ಲದಿದ್ದರೆ, ಇನ್ನೊಬ್ಬ ತಜ್ಞರನ್ನು ಕಂಡೇ ತೀರ್ಮಾನಿಸಿ.

ಹೆಂಗಸರ ವಿಷಯ ಮನಸ್ಸಿಟ್ಟು ಓದಿ. ಸೊಂಟ ನೋವು ಅಂದ ಕೂಡಲೇ "ಬಿಳಿ ಸೆರಗಿನಿಂದ ಬಂದಿದೆ, ಗರ್ಭಕೋಶ ತೆಗೆಸಿದರೆ ಸರಿಹೋಗುತ್ತದೆ" ಅನ್ನುವ ಮಾತು ಹಳ್ಳಿಗಳಲ್ಲಿ ಇನ್ನೂ ಓಡಾಡುತ್ತಿದೆ. ಕಳೆ ಕಿತ್ತು ಬಂದ ಸೊಂಟ ನೋವು ಗರ್ಭಕೋಶ ತೆಗೆಸಿದರೆ ಹೋಗುವುದಿಲ್ಲ. ಅದರ ಜೊತೆ ಅಂಡಾಶಯವನ್ನೂ ತೆಗೆದರೆ ಮೂಳೆ ಬೇಗ ಟೊಳ್ಳಾಗಿ, ಸೊಂಟದ ಕಷ್ಟ ಹೆಚ್ಚೇ ಆಗುತ್ತದೆ. ಬಿಳಿ ಸೆರಗು ವಾಸನೆ, ತುರಿಕೆ ಇದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ, ಮಾತ್ರೆಯಲ್ಲಿ ಹೋಗುತ್ತದೆ. ಮುಟ್ಟು ನಿಂತ ಮೇಲೆ ಕೊಡ ಎತ್ತಿದಾಗ, ಸಣ್ಣಗೆ ಜಾರಿದಾಗ ಬೆನ್ನಲ್ಲಿ ತಟ್ಟನೆ ನೋವು ಹುಟ್ಟಿ ಬಿಡದಿದ್ದರೆ ಮೂಳೆಯ ಮಣಿ ಕುಸಿದಿರಬಹುದು. ಎಕ್ಸ್‌ರೇ ಮಾಡಿಸಿ. ಹೆರಿಗೆಯಾದವರನ್ನು ಮೂರು ತಿಂಗಳಾದರೂ ಚೀಲ, ಹೊರೆ ಎತ್ತುವ ಕೆಲಸಕ್ಕೆ ಕಳಿಸಬೇಡಿ.

10. ಕೆಲಸಕ್ಕೆ ಮರಳುವುದು

ನೋವು ಪೂರ್ತಿ ಹೋಗುವವರೆಗೆ ಕಾಯಬೇಕಿಲ್ಲ. ಮೊದಲ ವಾರ ಅರ್ಧ ಹೊತ್ತು, ಅರ್ಧ ಭಾರ. ಅಳತೆಗೋಲು ಇದು: ಸಂಜೆ ಸ್ವಲ್ಪ ನೋವು ಎದ್ದು ಮರುದಿನ ಬೆಳಗ್ಗೆಗೆ ಹಿಂದಿನ ಮಟ್ಟಕ್ಕೆ ಇಳಿದರೆ ಸರಿಯಾದ ದಾರಿಯಲ್ಲಿದ್ದೀರಿ. ಬೆಳಗ್ಗೆ ನಿನ್ನೆಗಿಂತ ಜಾಸ್ತಿ ಇದ್ದರೆ ಕೆಲಸ ಒಂದು ಹಂತ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ.

ಕೂಲಿಯೇ ಜೀವನ ಆದವರಿಗೆ ಅರ್ಧ ಹೊತ್ತು ಅನ್ನುವುದು ಸುಲಭದ ಮಾತಲ್ಲ. ಅಂಥವರು ಹೊತ್ತಿಗಿಂತ ಕೆಲಸದ ಬಗೆಯನ್ನು ಬದಲಿಸಿಕೊಡಲು ಕೇಳಿ. ಮುಯ್ಯಾಳು ಪದ್ಧತಿ ಇರುವ ಕಡೆ ಮೊದಲೇ ಮಾತಾಡಿಕೊಳ್ಳಿ. ಆ ವಾರ ನಿಮಗೆ ನಾಟಿ ಬೇಡ, ಚೀಲವೂ ಬೇಡ. ಸಣ್ಣ ಕಟ್ಟು ಮಾಡಿ ಸಸಿ ಹಂಚುವುದು, ದಾರ ಹಿಡಿಯುವುದು, ನೀರು ತಿರುಗಿಸುವುದು, ಚೀಲದ ಬಾಯಿ ಹೊಲಿಯುವುದು, ತೂಕ ಬರೆದುಕೊಳ್ಳುವುದು ಹೀಗೆ ನಿಂತು, ನಡೆದು ಮಾಡುವ ಕೆಲಸ ಹಿಡಿಯಿರಿ. ಮೂರನೇ ವಾರದಿಂದ ಒಂದೊಂದೇ ಸಾಲಿನ ಕಳೆ, ಅರ್ಧ ಚೀಲದ ಭಾರ ಅಂತ ಏರಿಸುತ್ತಾ ಹೋಗಿ.